ಬೆಂಗಳೂರಿನಿಂದ ಹೋದ ಎಚ್ಚರಿಕೆ: ಟಾರ್ಗೆಟ್ ಅಂಗಡಿಯ 4 ಕೋಟಿ ಕಾರ್ಡುಗಳ ಪ್ರಕರಣ

2013ರ ನವೆಂಬರ್ 30, ಶನಿವಾರ. ಬೆಂಗಳೂರಿನಲ್ಲಿ ಕಂಪ್ಯೂಟರ್ ಪರದೆ ಕಾಯುತ್ತಿದ್ದ ಕೆಲವರಿಗೆ ಒಂದು ಎಚ್ಚರಿಕೆ ಕಾಣಿಸಿತು. ಅವರು ಕಾಯುತ್ತಿದ್ದದ್ದು ಟಾರ್ಗೆಟ್ ಎಂಬ ಅಂಗಡಿ ಸರಣಿಯನ್ನು. ಅದರ ಮುಖ್ಯ ಕಚೇರಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿಗೂ ಅಲ್ಲಿಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅವರು ಮಲಗುವ ಹೊತ್ತಿಗೆ ಇವರು ಎದ್ದಿರುತ್ತಾರೆ. ಕಾವಲಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಹೊಂದಾಣಿಕೆ ಬೇಕಾ?

ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಎರಡೇ ದಿನ ಆಗಿತ್ತು. ವರ್ಷದಲ್ಲೇ ಜಾಸ್ತಿ ಜನ ಅಂಗಡಿಗೆ ನುಗ್ಗುವ ವಾರ ಅದು. ಬೆಂಗಳೂರಿನವರು ತಮ್ಮ ಕೆಲಸ ಮಾಡಿದರು. ನಿಮ್ಮ ಜಾಲದೊಳಗೆ ಯಾವುದೋ ಕೆಟ್ಟ ಪ್ರೋಗ್ರಾಂ ಕೂತಿದೆ, ನೋಡಿ ಎಂದು ಮಿನಿಯಾಪೊಲಿಸ್‌ನ ಭದ್ರತಾ ತಂಡಕ್ಕೆ ದಾಟಿಸಿದರು.

ಆಮೇಲೆ ಏನೂ ಆಗಲಿಲ್ಲ.

ಹೀಗೆ ಏನೂ ಆಗದೆ ಎರಡು ವಾರ ಕಳೆಯಿತು. ಅಷ್ಟರಲ್ಲಿ ಸುಮಾರು 4 ಕೋಟಿ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ವಿವರ ಕಳ್ಳರ ಪಾಲಾಯಿತು. ಬೆಂಗಳೂರಿನ ಈ ಪಾತ್ರ ಹೊರಗೆ ಬಂದದ್ದು 2014ರ ಮಾರ್ಚ್‌ನಲ್ಲಿ, ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆಯ ತನಿಖಾ ವರದಿಯಿಂದ. ನಮ್ಮಲ್ಲಿ ಇದು ಅಷ್ಟಾಗಿ ಚರ್ಚೆಗೆ ಬರಲಿಲ್ಲ ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಕಾರ್ಡ್ ಮೋಸದ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಗ್ರಾಹಕನ ಮುಖ ನೋಡುತ್ತೇವೆ. ಒಟಿಪಿ ಹೇಳಿಬಿಟ್ಟಿರಬೇಕು, ಯಾವುದೋ ಲಿಂಕ್ ಒತ್ತಿರಬೇಕು ಅನ್ನುತ್ತೇವೆ. ಈ ಪ್ರಕರಣದಲ್ಲಿ ಗ್ರಾಹಕರು ಮಾಡಿದ್ದು ಇಷ್ಟೇ: ಮಕ್ಕಳ ಬಟ್ಟೆ, ಸೋಪು, ಹಬ್ಬದ ಉಡುಗೊರೆ ಕೊಂಡರು, ಕೌಂಟರಿನಲ್ಲಿ ಕಾರ್ಡ್ ಉಜ್ಜಿದರು, ಮನೆಗೆ ಹೋದರು. ಅಮೆರಿಕದಲ್ಲಿರುವ ನಮ್ಮ ನೆಂಟರಿಷ್ಟರೂ ವಾರಕ್ಕೊಮ್ಮೆ ಹೋಗುವಂಥ ಅಂಗಡಿ ಅದು. ಕಾರ್ಡನ್ನು ಜೋಪಾನ ಮಾಡಬೇಕಿದ್ದದ್ದು ಅಂಗಡಿ.

ಕಳ್ಳರು ಒಳಗೆ ಬಂದದ್ದು ಹಿತ್ತಲ ಬಾಗಿಲಿನಿಂದ. ಪೆನ್ಸಿಲ್ವೇನಿಯಾದ ಶಾರ್ಪ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಫಾಜಿಯೋ ಮೆಕ್ಯಾನಿಕಲ್ ಸರ್ವೀಸಸ್ ಎಂಬ ಕಂಪನಿ ಇದೆ. ಅಂಗಡಿಗಳಿಗೆ ಶೀತಲ ಪೆಟ್ಟಿಗೆ, ಏಸಿ ಅಳವಡಿಸಿ ರಿಪೇರಿ ಮಾಡುವುದು ಅದರ ಕೆಲಸ. ಟಾರ್ಗೆಟ್‌ಗೂ ಮಾಡುತ್ತಿತ್ತು. ಬಿಲ್ ಕಳಿಸಲು, ಗುತ್ತಿಗೆಯ ಕಾಗದ ಪತ್ರ ಸಲ್ಲಿಸಲು ಟಾರ್ಗೆಟ್ ಅದಕ್ಕೊಂದು ಲಾಗಿನ್ ಕೊಟ್ಟಿತ್ತು. ಕಳ್ಳರು ಆ ಕಂಪನಿಗೆ ಒಂದು ಮೋಸದ ಇಮೇಲ್ ಕಳಿಸಿದರು. ಅಲ್ಲಿ ಯಾರೋ ತೆರೆದರು. ಲಾಗಿನ್ ಮತ್ತು ಪಾಸ್‌ವರ್ಡ್ ಹೋಯಿತು.

ಫ್ರಿಜ್ ರಿಪೇರಿಯವನ ಲಾಗಿನ್ನಿಂದ ಬಿಲ್ಲಿಂಗ್ ಕೌಂಟರ್‌ಗೆ ಹೋಗಲು ಹೇಗೆ ಸಾಧ್ಯ? ಸಾಧ್ಯ ಇರಬಾರದಿತ್ತು. ಪಂಪ್ ರಿಪೇರಿಗೆ ಬಂದವನಿಗೆ ಹಿತ್ತಲಿನ ಬೀಗದ ಕೈ ಕೊಟ್ಟರೆ ಅವನು ದೇವರ ಮನೆ, ಬೀರು ದಾಟಿ ಹೋಗುವಂತಿರಬಾರದು ಅಲ್ವಾ? ಅಮೆರಿಕದ ಸೆನೆಟ್ ಸಮಿತಿಯೊಂದರ ಸಿಬ್ಬಂದಿ 2014ರ ಮಾರ್ಚ್‌ನಲ್ಲಿ ಈ ಪ್ರಕರಣದ ಬಗ್ಗೆ ವರದಿ ಬರೆದರು. ಅವರು ಬೆರಳಿಟ್ಟು ತೋರಿಸಿದ ದೊಡ್ಡ ಲೋಪ ಇದೇ. ಹೊರಗಿನವರು ಬರುವ ಭಾಗ ಮತ್ತು ಕಾರ್ಡ್ ವಿವರ ಹರಿಯುವ ಭಾಗ, ಇವೆರಡರ ನಡುವೆ ಗಟ್ಟಿ ಗೋಡೆ ಇರಲಿಲ್ಲ.

ಒಳಗೆ ಬಂದವರು ಬಿಲ್ಲಿಂಗ್ ಯಂತ್ರಗಳಿಗೆ ಒಂದು ಪುಟ್ಟ ಪ್ರೋಗ್ರಾಂ ಸೇರಿಸಿದರು. ಅದು ಬ್ಲ್ಯಾಕ್‌ಪಾಸ್ ಎಂಬ ಜಾತಿಯದ್ದು. ಕೆಲಸ ಸರಳ. ಕಾರ್ಡ್ ಉಜ್ಜಿದಾಗ ಅದರ ಹಿಂಬದಿಯ ಕಪ್ಪು ಅಯಸ್ಕಾಂತದ ಪಟ್ಟಿಯಲ್ಲಿರುವ ಹೆಸರು, ನಂಬರು, ಅವಧಿ ಮುಗಿಯುವ ತಿಂಗಳು, ಜೊತೆಗೆ ಪಟ್ಟಿಯೊಳಗೇ ಅಡಗಿರುವ ಒಂದು ಗುಪ್ತ ಸಂಕೇತ, ಎಲ್ಲವೂ ಯಂತ್ರದೊಳಗೆ ಬರುತ್ತದೆ. ಡಿಸ್ಕಿನಲ್ಲಿ ಉಳಿಸುವಾಗ, ತಂತಿಯಲ್ಲಿ ಕಳಿಸುವಾಗ ಅದಕ್ಕೆ ಬೀಗ ಹಾಕಬಹುದು, ಅಂದರೆ ಬೇರೆಯವರು ಓದಲಾಗದ ಗುಟ್ಟಿನ ರೂಪಕ್ಕೆ ಬದಲಿಸಬಹುದು. ಆದರೆ ಯಂತ್ರದ ನೆನಪಿನಲ್ಲಿ ಒಂದು ಕ್ಷಣ ಅದು ಬೆತ್ತಲೆಯಾಗಿ ಇರುತ್ತದೆ. ಅಡುಗೆ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಎಷ್ಟೇ ಬಿಗಿ ಮುಚ್ಚಳ ಇರಲಿ, ಡಬ್ಬಿಯಿಂದ ಡಬ್ಬಿಗೆ ಸುರಿಯುವಾಗ ನಾಲ್ಕು ಕಾಳು ಹೊರಗೆ ಕಾಣಿಸುತ್ತದೆ. ಇರುವೆ ಕಾಯುವುದು ಅದಕ್ಕೇ. ಆ ಪ್ರೋಗ್ರಾಂ ಕಾಯುತ್ತಿದ್ದದ್ದೂ ಆ ಕ್ಷಣಕ್ಕೇ.

ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ ಅಮೆರಿಕದ ಟಾರ್ಗೆಟ್ ಅಂಗಡಿಗಳಲ್ಲಿ ಉಜ್ಜಿದ ಕಾರ್ಡುಗಳ ವಿವರ ಹೀಗೆ ಒಟ್ಟಾಯಿತು. ಆನ್‌ಲೈನಿನಲ್ಲಿ ಕೊಂಡವರದ್ದು ಹೋಗಲಿಲ್ಲ, ಅಂಗಡಿಗೆ ಕಾಲಿಟ್ಟವರದ್ದು ಹೋಯಿತು. ಆನ್‌ಲೈನ್ ಅಪಾಯ, ಕಣ್ಣೆದುರು ಕಾರ್ಡ್ ಉಜ್ಜಿದರೆ ಕ್ಷೇಮ ಎಂದು ನಂಬಿದವರಿಗೆ ಇದು ಅರಗಿಸಿಕೊಳ್ಳಲು ಕಷ್ಟದ ವಿಷಯ.

ಈಗ ಮತ್ತೆ ಎಚ್ಚರಿಕೆಯ ವಿಷಯಕ್ಕೆ ಬರುತ್ತೇನೆ. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಇದು.

ಟಾರ್ಗೆಟ್ ಸೋಮಾರಿ ಕಂಪನಿಯೇನೂ ಆಗಿರಲಿಲ್ಲ. ಈ ಕಳವಿಗೆ ಸುಮಾರು ಆರು ತಿಂಗಳ ಮುಂಚೆ 16 ಲಕ್ಷ ಡಾಲರ್ ಕೊಟ್ಟು ಫೈರ್‌ಐ ಕಂಪನಿಯ ಹೊಸ ಕಾವಲು ವ್ಯವಸ್ಥೆ ಹಾಕಿಸಲು ಶುರುಮಾಡಿತ್ತು. ಅದನ್ನು ರಾತ್ರಿ ಹಗಲು ನೋಡಲು ಬೆಂಗಳೂರಿನಲ್ಲಿ ತಜ್ಞರನ್ನು ಕೂರಿಸಿತ್ತು. 2005ರಿಂದಲೇ ಟಾರ್ಗೆಟ್‌ಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಅಷ್ಟೇ ಅಲ್ಲ, 2013ರ ಸೆಪ್ಟೆಂಬರ್‌ನಲ್ಲಿ ಕಾರ್ಡ್ ಉದ್ಯಮದ ಸುರಕ್ಷತಾ ಪರೀಕ್ಷೆಯಲ್ಲಿ ಟಾರ್ಗೆಟ್ ಪಾಸಾಗಿ ಪ್ರಮಾಣಪತ್ರವನ್ನೂ ಪಡೆದಿತ್ತು. ಎರಡು ತಿಂಗಳಿಗೆ ಮನೆ ಲೂಟಿಯಾಯಿತು.

ಯಂತ್ರ ಕೆಲಸ ಮಾಡಿತು. ನವೆಂಬರ್ 30ರಂದು ಕಳ್ಳರು ಕದ್ದ ಮಾಲನ್ನು ಹೊರಗೆ ಸಾಗಿಸುವ ಪ್ರೋಗ್ರಾಂ ಅನ್ನು ಒಳಗೆ ಇಡುತ್ತಿದ್ದಂತೆ ಫೈರ್‌ಐ ಅದನ್ನು ಹಿಡಿಯಿತು. ಮಾಲು ಇನ್ನೂ ಹೊರಗೆ ಹೋಗಿರಲಿಲ್ಲ ಎಂಬುದನ್ನು ಗಮನಿಸಿ. ಬೆಂಗಳೂರಿನವರು ಹೇಳಿದ್ದು ಆ ಹೊತ್ತಿನಲ್ಲಿ. ಡಿಸೆಂಬರ್ 2ಕ್ಕೆ ಕಳ್ಳರು ಹೊಸ ಆವೃತ್ತಿ ಇಟ್ಟಾಗ ಮತ್ತೆ ಎಚ್ಚರಿಕೆ ಬಂತು. ಆ ಕೆಟ್ಟ ಪ್ರೋಗ್ರಾಂ ಅನ್ನು ತಾನಾಗಿ ಅಳಿಸಿಹಾಕುವ ಸೌಲಭ್ಯವೂ ಫೈರ್‌ಐನಲ್ಲಿತ್ತು. ಟಾರ್ಗೆಟ್ ಅದನ್ನು ಆಫ್ ಮಾಡಿ ಇಟ್ಟಿತ್ತು. ಇದರಲ್ಲಿ ವಿಶೇಷ ಏನಿಲ್ಲ. ಯಂತ್ರ ತಪ್ಪು ತಿಳಿದು ಹಬ್ಬದ ವಾರದಲ್ಲಿ ಬಿಲ್ಲಿಂಗ್ ನಿಲ್ಲಿಸಿಬಿಟ್ಟರೆ ಗತಿಯೇನು ಎಂಬ ಭಯ ಎಲ್ಲ ಕಂಪನಿಗೂ ಇರುತ್ತದೆ. ಮನುಷ್ಯ ನೋಡಿ ತೀರ್ಮಾನಿಸಲಿ ಎಂಬ ಲೆಕ್ಕ.

ಆದರೆ ತೀರ್ಮಾನಿಸಬೇಕಾದ ಮನುಷ್ಯ ಎಲ್ಲಿದ್ದ? ಮಿನಿಯಾಪೊಲಿಸ್‌ನ ಭದ್ರತಾ ಕೇಂದ್ರದ ಮ್ಯಾನೇಜರ್ ಅಕ್ಟೋಬರ್‌ನಲ್ಲೇ ಕೆಲಸ ಬಿಟ್ಟು ಹೋಗಿದ್ದರು ಎಂದು ಬ್ಲೂಮ್‌ಬರ್ಗ್ ವರದಿ ಹೇಳಿತು. ಕಂಪನಿ ಆಮೇಲೆ ಕೊಟ್ಟ ವಿವರಣೆ ಹೀಗಿತ್ತು: ಎಚ್ಚರಿಕೆ ಬಂದದ್ದು ನಿಜ, ನಮ್ಮ ತಂಡ ನೋಡಿದ್ದೂ ನಿಜ, ತಕ್ಷಣ ಹಿಂದೆ ಬೀಳುವಂಥದ್ದು ಅಂತ ಅವರಿಗೆ ಅನಿಸಲಿಲ್ಲ.

ಇದನ್ನು ಓದಿದಾಗ ನಗುವುದು ಸುಲಭ. ಆದರೆ ದೊಡ್ಡ ಕಂಪನಿಯ ಪರದೆಯ ಮೇಲೆ ದಿನಕ್ಕೆ ಬೀಳುವ ಎಚ್ಚರಿಕೆಗಳ ರಾಶಿ ನೋಡಿದವರು ನಗುವುದಿಲ್ಲ. ತೋಳ ಬಂತು ತೋಳ ಎಂದು ಯಂತ್ರ ಗಂಟೆಗೊಮ್ಮೆ ಕೂಗುತ್ತದೆ. ಬಹುಪಾಲು ಸಲ ಅದು ನಾಯಿ. ಜೊತೆಗೆ ಬೆಂಗಳೂರಿನಲ್ಲಿ ಇಂಥ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಇನ್ನೊಂದು ಸಂಗತಿ ಹೇಳುತ್ತಾರೆ. ಟಿಕೆಟ್, ಅಂದರೆ ದೂರಿನ ದಾಖಲೆ, ಎತ್ತುವುದು ಇಲ್ಲಿ, ಮುಚ್ಚುವುದು ಅಲ್ಲಿ. "ನಾವು ಎಸ್ಕಲೇಟ್ ಮಾಡಿದ್ದೀವಿ", ಅಂದರೆ ಮೇಲಿನವರಿಗೆ ದಾಟಿಸಿದ್ದೀವಿ, ಎಂಬಲ್ಲಿಗೆ ಇವರ ಜವಾಬ್ದಾರಿ ಮುಗಿಯುತ್ತದೆ. ಅಲ್ಲಿ ಯಾರೂ ಏಳದಿದ್ದರೆ ಫೋನ್ ಹಚ್ಚಿ ಎಬ್ಬಿಸುವ ಅಧಿಕಾರ, ಅಂಗಡಿಯ ಬಿಲ್ಲಿಂಗ್ ನಿಲ್ಲಿಸಿ ಎನ್ನುವ ಧೈರ್ಯ ಇಲ್ಲಿ ಕೂತವರಿಗೆ ಯಾರು ಕೊಟ್ಟಿರುತ್ತಾರೆ? ಕಂಡವರಿಗೆ ಅಧಿಕಾರ ಇಲ್ಲ, ಅಧಿಕಾರ ಇರುವವರಿಗೆ ಕಾಣುವುದಿಲ್ಲ. 4 ಕೋಟಿ ಕಾರ್ಡ್ ಹೋದದ್ದು ಈ ಸಂದಿನಲ್ಲಿ ಎಂದು ನಾನು ತಿಳಿದಿದ್ದೇನೆ.

ಕೊನೆಗೆ ಟಾರ್ಗೆಟ್‌ಗೆ ವಿಷಯ ತಿಳಿದದ್ದು ಹೊರಗಿನವರಿಂದ. ಡಿಸೆಂಬರ್ 12ಕ್ಕೆ ಅಮೆರಿಕದ ನ್ಯಾಯ ಇಲಾಖೆ ಕಂಪನಿಗೆ ಹೇಳಿ ಕಳಿಸಿತು. ಡಿಸೆಂಬರ್ 15, ಭಾನುವಾರ ಬೆಳಿಗ್ಗೆ ಮುಖ್ಯಸ್ಥ ಗ್ರೆಗ್ ಸ್ಟೈನ್‌ಹಾಫೆಲ್ ಹೆಂಡತಿಯ ಜೊತೆ ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತಂತೆ. ಅದನ್ನು ಅವರೇ ಟಿವಿ ಸಂದರ್ಶನದಲ್ಲಿ ಹೇಳಿಕೊಂಡರು. ಅದೇ ದಿನ ಆ ಪ್ರೋಗ್ರಾಂ ಅನ್ನು ಕಿತ್ತುಹಾಕಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಗ್ರಾಹಕರಿಗೆ ಇನ್ನೂ ಹೇಳಿರಲಿಲ್ಲ. ಮೊದಲು ಹೇಳಿದ್ದು ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತ, ಡಿಸೆಂಬರ್ 18ಕ್ಕೆ. ಅವರಿಗೆ ಗೊತ್ತಾದ ದಾರಿ ಒಂದು ಪತ್ತೇದಾರಿ ಕತೆಗೆ ಕಡಿಮೆಯಿಲ್ಲ. ಕದ್ದ ಕಾರ್ಡುಗಳನ್ನು ಮಾರುವ ಗುಪ್ತ ಅಂಗಡಿಗಳು ಇಂಟರ್ನೆಟ್ಟಿನಲ್ಲಿ ಇವೆ. ಆ ದಿನಗಳಲ್ಲಿ ಅಲ್ಲಿ ಒಮ್ಮೆಲೇ ಲಕ್ಷಗಟ್ಟಲೆ ಹೊಸ ಮಾಲು ಬಂತು. ಒಂದು ಕಾರ್ಡಿಗೆ 20 ಡಾಲರಿನಿಂದ 100 ಡಾಲರಿಗೂ ಮೇಲೆ ಬೆಲೆ. ಒಂದು ಸಣ್ಣ ಬ್ಯಾಂಕು ಕ್ರೆಬ್ಸ್ ಸಹಾಯದಿಂದ ಅಲ್ಲಿ ತನ್ನದೇ ಗ್ರಾಹಕರ ಸುಮಾರು ಇಪ್ಪತ್ತು ಕಾರ್ಡುಗಳನ್ನು ದುಡ್ಡು ಕೊಟ್ಟು ಕೊಂಡಿತು. ತನ್ನ ಮನೆಯ ಪಾತ್ರೆಯನ್ನು ಗುಜರಿ ಅಂಗಡಿಯಲ್ಲಿ ತಾನೇ ಕೊಂಡ ಹಾಗೆ. ಆ ಕಾರ್ಡುಗಳೆಲ್ಲ ಹಿಂದೆ ಎಲ್ಲೆಲ್ಲಿ ಬಳಕೆಯಾಗಿದ್ದವು ಎಂದು ಬ್ಯಾಂಕು ತನ್ನ ಲೆಕ್ಕದಲ್ಲಿ ನೋಡಿತು. ಎಲ್ಲಕ್ಕೂ ಸಾಮಾನ್ಯವಾಗಿದ್ದ ಅಂಗಡಿ ಒಂದೇ: ಟಾರ್ಗೆಟ್. ದಿನಾಂಕಗಳೂ ನವೆಂಬರ್ 27ರಿಂದ ಈಚೆಯವು.

ಆ ಗುಪ್ತ ಅಂಗಡಿಯಲ್ಲಿ ಇನ್ನೊಂದು ಅನುಕೂಲ ಇತ್ತು. ಯಾವ ಊರಿನ ಟಾರ್ಗೆಟ್‌ನಲ್ಲಿ ಕದ್ದ ಕಾರ್ಡು ಎಂಬ ಪಿನ್‌ಕೋಡ್ ಕೂಡ ಕೊಡುತ್ತಿದ್ದರು. ಯಾಕೆ ಅಂದರೆ ನೀವು ಇರುವ ಊರಿನಲ್ಲೇ ನಿಮ್ಮ ಕಾರ್ಡ್ ಬಳಕೆಯಾದರೆ ಬ್ಯಾಂಕಿನ ಕಂಪ್ಯೂಟರ್‌ಗೆ ಅನುಮಾನ ಬರುವುದಿಲ್ಲ. ಕೊಂಡವನು ಖಾಲಿ ಪ್ಲಾಸ್ಟಿಕ್ ಕಾರ್ಡಿನ ಪಟ್ಟಿಗೆ ಆ ವಿವರ ತುಂಬುತ್ತಾನೆ. ಹತ್ತಿರದ ಅಂಗಡಿಗೆ ಹೋಗಿ ಸುಲಭವಾಗಿ ಮಾರಬಹುದಾದ ಸಾಮಾನು ಕೊಳ್ಳುತ್ತಾನೆ. ಪಾಸ್‌ವರ್ಡ್ ಬೇಡ, ಒಟಿಪಿ ಬೇಡ. ಆಗಿನ ಅಮೆರಿಕದಲ್ಲಿ ಕಪ್ಪು ಪಟ್ಟಿ ಉಜ್ಜಿ ಒಂದು ಸಹಿ ಗೀಚಿದರೆ ಆಯಿತು.

ಡಿಸೆಂಬರ್ 19ಕ್ಕೆ ಟಾರ್ಗೆಟ್ ಒಪ್ಪಿಕೊಂಡಿತು. 4 ಕೋಟಿ ಕಾರ್ಡು ಎಂದಿತು. ಡೆಬಿಟ್ ಕಾರ್ಡಿನ ಪಿನ್ ಹೋಗಿಲ್ಲ ಎಂಬ ಭಾವನೆ ಬರುವಂತೆ ಮಾತಾಡಿತು. ಡಿಸೆಂಬರ್ 27ಕ್ಕೆ, ಪಿನ್ ಕೂಡ ಹೋಗಿದೆ, ಆದರೆ ಬೀಗ ಹಾಕಿದ ರೂಪದಲ್ಲಿ, ಬೀಗದ ಕೈ ನಮ್ಮಲ್ಲಿ ಇರಲೇ ಇಲ್ಲ ಎಂದಿತು. ಜನವರಿ 10ಕ್ಕೆ ಇನ್ನೊಂದು ಸುದ್ದಿ. 7 ಕೋಟಿ ಜನರ ಹೆಸರು, ವಿಳಾಸ, ಫೋನ್ ನಂಬರು, ಇಮೇಲ್ ಕೂಡ ಹೋಗಿದೆ. ಕೆಲವರು ಎರಡೂ ಪಟ್ಟಿಯಲ್ಲಿದ್ದರು, ಆದ್ದರಿಂದ ಒಟ್ಟು 11 ಕೋಟಿವರೆಗೆ ಎಂದು ಲೆಕ್ಕ.

ತನಿಖೆ ಮುಂದುವರಿದಂತೆ ಹೊಸ ವಿಷಯ ಗೊತ್ತಾಗುವುದು ಸಹಜ. ಅದನ್ನು ಒಪ್ಪುತ್ತೇನೆ. ಆದರೆ ಗ್ರಾಹಕನ ಕಡೆಯಿಂದ ನೋಡಿ. ಕಾರ್ಡ್ ನಂಬರ್ ಮಾತ್ರ ಅಂದರು. ಆಮೇಲೆ ಪಿನ್ನೂ ಅಂದರು. ಆಮೇಲೆ ಮನೆ ವಿಳಾಸವೂ ಅಂದರು. ಸತ್ಯ ಕಂತಿನಲ್ಲಿ ಬಂದರೆ ಮುಂದಿನ ಕಂತು ಯಾವಾಗ ಅಂತ ಜನ ಕಾಯಲು ಶುರುಮಾಡುತ್ತಾರೆ. ಈಗ ಹೇಳಿದ್ದನ್ನೂ ನಂಬುವುದಿಲ್ಲ.

ಟಾರ್ಗೆಟ್ ಗ್ರಾಹಕರಿಗೆ ಏನು ಮಾಡಿತು? ಸಹಾಯವಾಣಿಗೆ ಫೋನ್ ಮಾಡಿದವರಿಗೆ ಲೈನ್ ಸಿಗಲಿಲ್ಲ. ಕ್ರಿಸ್‌ಮಸ್‌ಗೆ ನಾಲ್ಕು ದಿನ ಇದ್ದಾಗ, ಡಿಸೆಂಬರ್ 21 ಮತ್ತು 22ರಂದು, ಎಲ್ಲರಿಗೂ 10 ಶೇಕಡ ರಿಯಾಯಿತಿ ಕೊಟ್ಟಿತು. ನಮ್ಮ ನೌಕರರಿಗೆ ಕೊಡುವಷ್ಟೇ ರಿಯಾಯಿತಿ ನಿಮಗೂ, ಇದರಲ್ಲಿ ನಾವೆಲ್ಲ ಒಟ್ಟಿಗೆ ಇದ್ದೇವೆ ಎಂಬ ಮಾತು ಬೇರೆ. ಊಟದಲ್ಲಿ ಕಲ್ಲು ಸಿಕ್ಕಿತು ಎಂದು ದೂರಿದವನಿಗೆ ಇನ್ನೊಂದು ಊಟ ಅರ್ಧ ಬೆಲೆಗೆ ಕೊಡುವ ಹೋಟೆಲಿನ ಥರ. ಕೊಳ್ಳಬೇಕು ಅಂದರೂ ಯಾವ ಕಾರ್ಡಿನಿಂದ ಕೊಳ್ಳುವುದು?

ಗ್ರಾಹಕರ ಹೆಸರಿನಲ್ಲಿ ಬೇರೆಯವರು ಸಾಲ ಎತ್ತುತ್ತಾರೆಯೇ ಎಂದು ಒಂದು ವರ್ಷ ಉಚಿತವಾಗಿ ಕ್ರೆಡಿಟ್ ವರದಿ ಕಾಯುವ ಸೇವೆ ಕೊಟ್ಟದ್ದು ಇದಕ್ಕಿಂತ ವಾಸಿ. ಅದರಲ್ಲೂ ಎಡವಟ್ಟಾಯಿತು. ಆ ಬಗ್ಗೆ ಬಂದ ಇಮೇಲಿನ ವಿಳಾಸ ಟಾರ್ಗೆಟ್‌ನದು ಅಂತ ಅನಿಸುವಂತೆ ಇರಲಿಲ್ಲ. ಇದೂ ಮೋಸದ ಇಮೇಲೇ ಇರಬೇಕು ಎಂದು ಎಷ್ಟೋ ಜನ ಅನುಮಾನಿಸಿದರು. ಅನುಮಾನಿಸಿದ್ದು ಸರಿಯೇ. ಅದೇ ಹೊತ್ತಿಗೆ ನಿಜವಾದ ಮೋಸಗಾರರೂ ಟಾರ್ಗೆಟ್ ಹೆಸರಿನಲ್ಲಿ ಇಮೇಲ್ ಬಿಡುತ್ತಿದ್ದರು.

ಕಾರ್ಡ್ ಇದ್ದವರ ಪಾಡು ಅವರ ಕೈಯಲ್ಲಿ ಯಾವ ಕಾರ್ಡ್ ಇತ್ತು ಎಂಬುದರ ಮೇಲೆ ನಿಂತಿತ್ತು. ಕ್ರೆಡಿಟ್ ಕಾರ್ಡ್ ಇದ್ದವರು ಬ್ಯಾಂಕಿಗೆ ಫೋನ್ ಮಾಡಿದರು, ಇದು ನಾನು ಮಾಡಿದ ಖರ್ಚಲ್ಲ ಅಂದರು, ಮುಗಿಯಿತು. ಅಮೆರಿಕದ ಕಾನೂನಿನಲ್ಲಿ ಕ್ರೆಡಿಟ್ ಕಾರ್ಡಿನ ಮೋಸಕ್ಕೆ ಗ್ರಾಹಕನ ಹೊಣೆ 50 ಡಾಲರ್ ದಾಟುವುದಿಲ್ಲ. ಅದನ್ನೂ ಬ್ಯಾಂಕುಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಹೋದದ್ದು ಬ್ಯಾಂಕಿನ ದುಡ್ಡು, ಹಾಗಾಗಿ ಹುಡುಕುವ ತಲೆನೋವೂ ಬ್ಯಾಂಕಿನದ್ದೇ.

ಡೆಬಿಟ್ ಕಾರ್ಡ್ ಇದ್ದವರ ಕತೆ ಬೇರೆ. ಅಲ್ಲಿ ಹೋಗುವುದು ನಿಮ್ಮ ಖಾತೆಯ ದುಡ್ಡು. ಬ್ಯಾಂಕು ವಾಪಸ್ ಕೊಡುತ್ತದೆ, ಆದರೆ ಕೊಡುವವರೆಗೆ ಮನೆ ಬಾಡಿಗೆಗೆ ದುಡ್ಡಿಲ್ಲ. ಕಾರ್ಡೇ ಕಳೆದುಹೋದಾಗ ಅಥವಾ ಕಳವಾದಾಗ, ಗೊತ್ತಾದ ಎರಡು ಕೆಲಸದ ದಿನದೊಳಗೆ ಹೇಳದಿದ್ದರೆ ಹೊಣೆ 500 ಡಾಲರ್‌ವರೆಗೆ ಏರಬಹುದು. ಸ್ಟೇಟ್‌ಮೆಂಟ್ ಬಂದು 60 ದಿನ ಕಳೆದರೂ ಸುಮ್ನೆ ಇದ್ದರೆ, ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಇದರ ಮೇಲೆ ಜೆಪಿ ಮಾರ್ಗನ್ ಚೇಸ್ ಬ್ಯಾಂಕು ಟಾರ್ಗೆಟ್‌ನಲ್ಲಿ ಕಾರ್ಡ್ ಉಜ್ಜಿದ್ದ ತನ್ನ ಸುಮಾರು 20 ಲಕ್ಷ ಡೆಬಿಟ್ ಗ್ರಾಹಕರಿಗೆ ದಿನಕ್ಕೆ 100 ಡಾಲರ್ ನಗದು, 300 ಡಾಲರ್ ಖರೀದಿ ಎಂಬ ಮಿತಿ ಹಾಕಿತು. ಅದೂ ಕ್ರಿಸ್‌ಮಸ್ ಹಿಂದಿನ ಶನಿವಾರ. ಮಿತಿಯನ್ನು ಬೇಗನೆ ಸಡಿಲಿಸಿದರು ಅನ್ನಿ. ಆದರೂ ತಪ್ಪು ಅಂಗಡಿಯದ್ದು, ಕಟ್ಟಿಹಾಕಿದ್ದು ಗ್ರಾಹಕನ ಕೈಯನ್ನು.

ನನ್ನ ಪರಿಚಯದವರು ಕಾರ್ಡ್ ಬಗ್ಗೆ ಕೇಳಿದಾಗ ನಾನು ಈ ಪ್ರಕರಣವನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ಉಜ್ಜಲು ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ, ಸಂಬಳ ಬೀಳುವ ಖಾತೆಯ ಡೆಬಿಟ್ ಕಾರ್ಡನ್ನು ಎಟಿಎಂಗೆ ಬಿಡಿ. ಸಾಲ ಮಾಡುವ ಚಟ ಇದ್ದವರಿಗೆ ಮಾತ್ರ ಈ ಮಾತು ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಆಗ ಹೇಗಿತ್ತು? ಬೆಂಗಳೂರಿನಿಂದ ಎಚ್ಚರಿಕೆ ಹೋದ ಮರುದಿನವೇ, ಅಂದರೆ 2013ರ ಡಿಸೆಂಬರ್ 1ರಿಂದ, ಭಾರತದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಉಜ್ಜಿದರೆ ಪಿನ್ ಒತ್ತಲೇಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ ಜಾರಿಗೆ ಬಂತು. ಇದು ಬರೀ ಕಾಕತಾಳೀಯ. ಮೆಡಿಕಲ್ ಶಾಪಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಎಲ್ಲರೆದುರು ಪಿನ್ ಒತ್ತಬೇಕಲ್ಲ ಎಂದು ಆಗ ಗೊಣಗಿದವರಲ್ಲಿ ನಾನೂ ಒಬ್ಬ. ಒಂದು ಕಡೆ ಆ ಗೊಣಗಾಟ, ಇನ್ನೊಂದು ಕಡೆ ಸಹಿ ಗೀಚಿದರೆ ಸಾಕು ಎಂಬ ದೇಶದಲ್ಲಿ ಕೋಟಿಗಟ್ಟಲೆ ಕಾರ್ಡು ಹರಾಜು.

ಹಾಗೆಂದು ನಾವು ಬೀಗುವ ಹಾಗಿಲ್ಲ. 2016ರಲ್ಲಿ ನಮ್ಮಲ್ಲೂ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಸೋರಿತು. ಎಟಿಎಂ ವ್ಯವಹಾರ ನಡೆಸಿಕೊಡುವ ಹಿಟಾಚಿ ಪೇಮೆಂಟ್ ಸರ್ವೀಸಸ್‌ನ ವ್ಯವಸ್ಥೆಯೊಳಗೆ ಕೆಟ್ಟ ಪ್ರೋಗ್ರಾಂ ಹೊಕ್ಕಿತ್ತು. ಅಲ್ಲೂ ಗ್ರಾಹಕರದ್ದು ಏನೂ ತಪ್ಪಿರಲಿಲ್ಲ. ಸ್ಟೇಟ್ ಬ್ಯಾಂಕೊಂದೇ ಸುಮಾರು 6 ಲಕ್ಷ ಕಾರ್ಡ್ ನಿಲ್ಲಿಸಿ ಹೊಸದು ಕೊಡಬೇಕಾಯಿತು.

ಮರು ವರ್ಷ, 2017ರ ಜುಲೈ 6ಕ್ಕೆ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ಇಂಥ ಪ್ರಕರಣಕ್ಕೆ ಹೇಳಿ ಮಾಡಿಸಿದಂಥ ಒಂದು ಮಾತಿದೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಇರುವ ಮೂರನೆಯವರದ್ದು ಅಂದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಹೇಳಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ಹೇಳಿದರೆ ಒಂದಷ್ಟು ಹೊಣೆ ನಿಮಗೆ ಬೀಳುತ್ತದೆ. ಆಮೇಲೆ ಬ್ಯಾಂಕಿನ ನೀತಿಗೆ ಬಿಟ್ಟದ್ದು. ದೂರು ಬಂದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ತುಂಬಬೇಕು. ತಪ್ಪು ಗ್ರಾಹಕನದ್ದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ಈ ಕೊನೇ ಸಾಲು ಗೊತ್ತಿದ್ದರೆ ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲುವ ಭಂಗಿಯೇ ಬದಲಾಗುತ್ತದೆ.

ಎಲ್ಲಕ್ಕೂ ಗಡಿಯಾರ ಮುಖ್ಯ. ಅಂಗಡಿಯವನ ಜೊತೆ ವಾದ ಮಾಡುತ್ತಾ ಮೂರು ದಿನ ಕಳೆಯಬಾರದು. ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ದೂರಿನ ನಂಬರ್ ಬರೆದುಕೊಳ್ಳಬೇಕು. ಸೈಬರ್ ಮೋಸದ ಸಹಾಯವಾಣಿ 1930ಕ್ಕೂ ಒಂದು ಫೋನ್ ಮಾಡಬೇಕು. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಖರ್ಚಿಲ್ಲ. ಅಂಗಡಿಯ ಮೇಲಿನ ಜಗಳ ಬೇರೆ, ಅದನ್ನು ಗ್ರಾಹಕರ ಆಯೋಗದಲ್ಲಿ ನಿಧಾನಕ್ಕೆ ಆಡಬಹುದು. 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಯಾವ ವ್ಯಾಪಾರಿಯೂ ನಿಮ್ಮ ಪೂರ್ತಿ ಕಾರ್ಡ್ ನಂಬರ್ ಉಳಿಸಿಕೊಳ್ಳುವ ಹಾಗಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ಕಾರ್ಡಿನ ಎರಡೂ ಬದಿಯ ಫೋಟೊ ವಾಟ್ಸ್ಯಾಪ್ ಮಾಡಿ ಎನ್ನುವ ಲಾಡ್ಜಿನವರಿಗೆ ಇದನ್ನು ನಗುನಗುತ್ತಾ ಹೇಳಿ.

ಮತ್ತೆ ಮಿನಿಯಾಪೊಲಿಸ್‌ಗೆ. ಆ ಹಬ್ಬದ ತ್ರೈಮಾಸಿಕದಲ್ಲಿ ಟಾರ್ಗೆಟ್ ಲಾಭ ಹಿಂದಿನ ವರ್ಷಕ್ಕಿಂತ 46 ಶೇಕಡ ಕುಸಿಯಿತು. 2014ರ ಮಾರ್ಚ್‌ನಲ್ಲಿ ತಂತ್ರಜ್ಞಾನದ ಮುಖ್ಯಸ್ಥೆ ಬೆತ್ ಜೇಕಬ್ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಸ್ಟೈನ್‌ಹಾಫೆಲ್ ಹೋದರು. ಕೆನಡಾದಲ್ಲಿ ಕಂಪನಿಯ ಅಂಗಡಿಗಳು ನಷ್ಟದಲ್ಲಿದ್ದದ್ದೂ ಅದಕ್ಕೆ ಸೇರಿಕೊಂಡಿತ್ತು. ಆಮೇಲೆ ಪರಿಹಾರದ ಸಾಲು. ವೀಸಾ ಕಾರ್ಡಿನ ಬ್ಯಾಂಕುಗಳಿಗೆ 6.7 ಕೋಟಿ ಡಾಲರ್‌ವರೆಗೆ. ಮಾಸ್ಟರ್‌ಕಾರ್ಡ್ ಕಡೆಯ ಬ್ಯಾಂಕುಗಳು ಮತ್ತಿತರರಿಗೆ 3.94 ಕೋಟಿ. 2017ರಲ್ಲಿ 47 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್‌ಗೆ 1.85 ಕೋಟಿ. ಕಂಪನಿಯೇ ಕೊಟ್ಟ ಲೆಕ್ಕದಲ್ಲಿ ಒಟ್ಟು ಖರ್ಚು 29.2 ಕೋಟಿ ಡಾಲರ್. ಅದರಲ್ಲಿ 9 ಕೋಟಿ ವಿಮೆಯಿಂದ ಬಂತು.

ಗ್ರಾಹಕರಿಗೆ? 1 ಕೋಟಿ ಡಾಲರ್. ಬ್ಯಾಂಕುಗಳಿಗೆ ಕೊಟ್ಟದ್ದರ ಪಕ್ಕದಲ್ಲಿ ಇಟ್ಟು ನೋಡಿ. ನಷ್ಟಕ್ಕೆ ದಾಖಲೆ ಇದ್ದವರಿಗೆ ಒಬ್ಬರಿಗೆ 10,000 ಡಾಲರ್‌ವರೆಗೆ ಕೇಳುವ ಅವಕಾಶ ಇತ್ತು. ಬ್ಯಾಂಕಿಗೆ ಫೋನ್ ಮಾಡಿ ಕಾದು ಕಳೆದ ಹೊತ್ತಿಗೂ ಗಂಟೆಗೆ 10 ಡಾಲರಿನ ಲೆಕ್ಕ, ಎರಡು ಗಂಟೆವರೆಗೆ. ಎರಡು ಗಂಟೆಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿದ ಪುಣ್ಯಾತ್ಮರು ಯಾರೋ! ಈ ಒಪ್ಪಂದಕ್ಕೆ ಕೆಲವರು ತಕರಾರು ತೆಗೆದರು. ಮೇಲ್ಮನವಿ ನ್ಯಾಯಾಲಯ ಒಮ್ಮೆ ಹಿಂದಕ್ಕೆ ಕಳಿಸಿತು. ಅದು ಪೂರ್ತಿ ಇತ್ಯರ್ಥವಾದದ್ದು 2018ರಲ್ಲಿ. ಸ್ಟೇಟ್‌ಮೆಂಟ್, ಪತ್ರ, ರಸೀದಿ ಜೋಡಿಸಿಟ್ಟವರಿಗೆ ಮಾತ್ರ ಅದರಲ್ಲಿ ಹೇಳಿಕೊಳ್ಳುವಷ್ಟು ಸಿಗುವ ಹಾಗಿತ್ತು.

ಕಳ್ಳರ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಕೆಟ್ಟ ಪ್ರೋಗ್ರಾಂಗಳು ಆಂಟಿವೈರಸ್‌ಗೆ ಸಿಕ್ಕಿಬೀಳುತ್ತವೆಯೇ ಎಂದು ಮುಂಚೆಯೇ ಪರೀಕ್ಷಿಸಿಕೊಡುವ ಒಂದು ಸೇವೆ ನಡೆಸುತ್ತಿದ್ದವನಿಗೆ 2018ರಲ್ಲಿ ಅಮೆರಿಕದ ನ್ಯಾಯಾಲಯ 14 ವರ್ಷ ಜೈಲು ವಿಧಿಸಿತು. ಈ ಕಳವಿನಲ್ಲಿ ಬಳಸಿದ ಪ್ರೋಗ್ರಾಂ ಅವನ ಬಳಿಯೂ ಪರೀಕ್ಷೆಗೆ ಬಂದಿತ್ತಂತೆ.

ಕಳವಾದ ಮೇಲೆ ಟಾರ್ಗೆಟ್ ಚಿಪ್ ಕಾರ್ಡಿನ ಕಡೆ ತಿರುಗಿತು. 10 ಕೋಟಿ ಡಾಲರ್ ಹಾಕಿ ಹೊಸ ಯಂತ್ರ ತರುತ್ತೇವೆ ಎಂದಿತು. ಚಿಪ್ ಇದ್ದರೆ ಪ್ರತಿ ಸಲವೂ ಹೊಸ ಸಂಕೇತ ಹುಟ್ಟುತ್ತದೆ, ಕದ್ದ ವಿವರದಿಂದ ನಕಲಿ ಕಾರ್ಡ್ ಮಾಡಿ ಅಂಗಡಿಯಲ್ಲಿ ಉಜ್ಜಲು ಆಗುವುದಿಲ್ಲ. 2015ರ ಅಕ್ಟೋಬರ್‌ನಿಂದ ಅಮೆರಿಕದಲ್ಲಿ ಚಿಪ್ ಯಂತ್ರ ಇಡದ ಅಂಗಡಿಯೇ ಇಂಥ ಮೋಸದ ನಷ್ಟ ಹೊರಬೇಕು ಎಂಬ ನಿಯಮ ಕಾರ್ಡ್ ಕಂಪನಿಗಳಿಂದ ಬಂತು. ನಮ್ಮಲ್ಲಿ 2018ರ ಕೊನೆಯೊಳಗೆ ಬರೀ ಕಪ್ಪು ಅಯಸ್ಕಾಂತದ ಪಟ್ಟಿ ಇರುವ ಕಾರ್ಡುಗಳನ್ನೆಲ್ಲ ಬದಲಿಸಿ ಚಿಪ್ ಕೊಡಿ ಎಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತು.

ಆದರೆ ಚಿಪ್ ಟಾರ್ಗೆಟ್‌ಗೆ ಹೊಸದೇನೂ ಆಗಿರಲಿಲ್ಲ. ಅಮೆರಿಕದಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ, 2001ರಲ್ಲೇ, ಅದು ತನ್ನ ಗ್ರಾಹಕರಿಗೆ ಚಿಪ್ ಇರುವ ಕಾರ್ಡ್ ಕೊಟ್ಟಿತ್ತು. ಅಂಗಡಿಗಳಲ್ಲಿ ಅದನ್ನು ಓದುವ ಯಂತ್ರವನ್ನೂ ಇಟ್ಟಿತ್ತು. ಮೂರು ವರ್ಷ ನಡೆಸಿ, 2004ರಲ್ಲಿ ನಿಲ್ಲಿಸಿತು. ಕಂಪನಿಯೊಳಗೆ ಎದ್ದ ಆಕ್ಷೇಪಗಳಲ್ಲಿ ಒಂದು ಹೀಗಿತ್ತು: ಇದರಿಂದ ಕೌಂಟರಿನಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಕೆಲವು ಸೆಕೆಂಡು ಜಾಸ್ತಿ ಹಿಡಿಯುತ್ತದೆ.